‘ಪರ್ಸ್ಯೂಟ್ ಆಫ್ ಹ್ಯಾಪಿನೆಸ್’: ಸುಖದ ಅನ್ವೇಷಣೆಯೋ, ಸಾಧನೆಯೋ?

ಮಾನ್ಯರೇ,

1776ರ ಜುಲೈ 4ರಂದು ಅಂಗೀಕಾರವಾದ ಅಮೆರಿಕದ ಸ್ವಾತಂತ್ರ್ಯ ಘೋಷಣೆಯು, ಪರಭಾರೆ ಮಾಡಲಾಗದ ಹಕ್ಕುಗಳಲ್ಲಿ ಜೀವ, ಸ್ವಾತಂತ್ರ್ಯ ಮತ್ತು ‘ಪರ್ಸ್ಯೂಟ್ ಆಫ್ ಹ್ಯಾಪಿನೆಸ್’ ಸೇರಿವೆ ಎನ್ನುತ್ತದೆ. ಮೊದಲೆರಡಕ್ಕೆ ಕನ್ನಡದಲ್ಲಿ ತೊಡಕಿಲ್ಲ. ಮೂರನೆಯದನ್ನು ಕನ್ನಡಿಸುವಾಗ ‘ಅನ್ವೇಷಣೆ’ ಎಂದರೆ ಎಲ್ಲೋ ಅಡಗಿರುವ ವಸ್ತುವಿನ ಶೋಧವಾಗುತ್ತದೆ, ‘ಬೆನ್ನಟ್ಟುವುದು’ ಎಂದರೆ ಸುಖವೇ ಓಡಿಹೋಗುತ್ತಿರುವಂತೆ ಕೇಳಿಸುತ್ತದೆ. ‘ಸಾಧನೆ’ಯ ತೊಡಕು ಇವೆರಡಕ್ಕಿಂತ ದೊಡ್ಡದು, ಏಕೆಂದರೆ ನಮ್ಮಲ್ಲಿ ಆ ಪದವು ಪ್ರಯತ್ನವನ್ನೂ ಅದರ ಫಲವನ್ನೂ ಒಟ್ಟಿಗೇ ಹೇಳುತ್ತದೆ.

ಈ ವ್ಯತ್ಯಾಸ ಮುಖ್ಯವೆಂದು ನನಗೆ ತೋರಿದ್ದು ವರ್ಜೀನಿಯಾದ ಹಕ್ಕುಗಳ ಘೋಷಣೆಯನ್ನು ಪಕ್ಕದಲ್ಲಿಟ್ಟು ಓದಿದಾಗ. ಅದೇ ವರ್ಷ ಜೂನ್ 12ರಂದು ಅಂಗೀಕಾರವಾದ, ಪ್ರಧಾನವಾಗಿ ಜಾರ್ಜ್ ಮೇಸನ್ ರೂಪಿಸಿದ ಆ ಪತ್ರದಲ್ಲಿ ಆಸ್ತಿಯನ್ನು ಗಳಿಸಿ ಹೊಂದುವ ಮಾತಿದೆ. ಅದರ ಬೆನ್ನಿಗೇ ಸುಖವನ್ನೂ ಕ್ಷೇಮವನ್ನೂ ‘ಅರಸುವ ಮತ್ತು ಪಡೆಯುವ’ ಮಾತಿದೆ. ಸ್ವಾತಂತ್ರ್ಯ ಘೋಷಣೆಯ ಕರಡನ್ನು ಬರೆದ ಥಾಮಸ್ ಜೆಫರ್ಸನ್ನರ ವಾಕ್ಯದಲ್ಲಿ ಆಸ್ತಿಯೂ ಇಲ್ಲ, ಪಡೆಯುವುದೂ ಇಲ್ಲ, ಅರಸುವುದೊಂದೇ ಇದೆ. ಆ ಕಾಲದ ಇಂಗ್ಲಿಷಿನಲ್ಲಿ ‘ಪರ್ಸ್ಯೂಟ್’ ಎಂಬುದಕ್ಕೆ ಕಸುಬು, ತೊಡಗಿಕೊಂಡಿರುವ ಕೆಲಸ ಎಂಬ ಅರ್ಥವೂ ಇದ್ದುದರಿಂದ, ಇದು ಸುಖವಾಗಿ ಬಾಳುವ ಹಕ್ಕೇ ಹೊರತು ಬರಿಯ ಹುಡುಕಾಟದ ಹಕ್ಕಲ್ಲ ಎಂದು ವಾದಿಸುವವರಿದ್ದಾರೆ. ಆದರೆ ಮೇಸನ್ನರು ಎರಡು ಕ್ರಿಯಾಪದಗಳನ್ನು ಬೇರೆಬೇರೆಯಾಗಿ ಇಟ್ಟಿರುವಾಗ, ಮೊದಲನೆಯದರಲ್ಲೇ ಎರಡನೆಯದೂ ಅಡಗಿದೆ ಎನ್ನುವುದು ನನಗೆ ಒಪ್ಪಿಗೆಯಾಗುವುದಿಲ್ಲ.

‘ಹ್ಯಾಪಿನೆಸ್’ಗೆ ‘ಸಂತೋಷ’ ಸಾಲದು. ಯಾರನ್ನೋ ಕಂಡು ಸಂತೋಷವಾಗುತ್ತದೆ, ಸ್ವಲ್ಪ ಹೊತ್ತಿಗೆ ಅದು ಕಳೆಯುತ್ತದೆ. ‘ಸುಖವಾಗಿ ಬಾಳಿ’ ಎಂದು ಹರಸುವಾಗ ಮಾತ್ರ ಇಡೀ ಬದುಕು ಆ ಪದದೊಳಗೆ ಬರುತ್ತದೆ. ಸ್ವಾತಂತ್ರ್ಯ ಘೋಷಣೆಯು ಮುಂದೆ, ಜನರು ತಮ್ಮ ‘ಸೇಫ್ಟಿ’ ಮತ್ತು ‘ಹ್ಯಾಪಿನೆಸ್’ ಎರಡಕ್ಕೂ ಅನುಕೂಲವೆನಿಸುವ ರೀತಿಯಲ್ಲಿ ಹೊಸ ಸರ್ಕಾರವನ್ನು ಕಟ್ಟಿಕೊಳ್ಳಬಹುದು ಎನ್ನುತ್ತದೆ. ಅಲ್ಲಿ ಮಾತು ಒಬ್ಬೊಬ್ಬರ ಭೋಗದ್ದಲ್ಲ, ಸಮುದಾಯದ ಬಾಳ್ವೆಯದು. ಯೋಗಕ್ಷೇಮದಲ್ಲಿನ ‘ಕ್ಷೇಮ’ಕ್ಕೆ ಇರುವುದನ್ನು ಕಾಪಾಡಿಕೊಳ್ಳುವುದು ಎಂಬ ಅರ್ಥವಿರುವುದರಿಂದ ಅದನ್ನು ‘ಸೇಫ್ಟಿ’ಗೆ ಮೀಸಲಿಟ್ಟು, ಎರಡೂ ಕಡೆ ‘ಹ್ಯಾಪಿನೆಸ್’ಗೆ ‘ಸುಖ’ವನ್ನೇ ಬಳಸುವುದು ಸರಿಯೆಂದು ನನ್ನ ಅಭಿಪ್ರಾಯ.

ಹೀಗೆ ನಾನು ‘ಸುಖವನ್ನು ಅರಸುವ ಹಕ್ಕು’ ಎಂಬಲ್ಲಿಗೆ ಬಂದಿದ್ದೇನೆ. ಉಳಿದಿರುವ ತೊಡಕು ನಾಮಪದದ್ದು. ‘ಅರಸುವಿಕೆ’ ನಾಲಿಗೆಗೆ ಭಾರ. ‘ಅರಸು’ ಎಂದಷ್ಟೇ ಬಿಟ್ಟರೆ ದೊರೆ ಎಂಬ ಅರ್ಥ ಮುಂದೆ ಬರುತ್ತದೆ, ಮೂರನೆಯ ಜಾರ್ಜ್ ದೊರೆಯ ಮೇಲಿನ ಆರೋಪಗಳನ್ನೇ ಸಾಲಾಗಿ ಹೇಳುವ ಪತ್ರದಲ್ಲಿ ಅದು ಸಲ್ಲದು. ಜೀವ, ಸ್ವಾತಂತ್ರ್ಯ ಎಂಬ ನಾಮಪದಗಳ ಸಾಲಿನಲ್ಲಿ ಸರಾಗವಾಗಿ ಕೂರುವ, ಪಡೆದೇ ತೀರುವ ಭರವಸೆಯನ್ನು ಕೊಡದ ರೂಪವೊಂದು ತಮ್ಮ ಬಳಕೆಯಲ್ಲಿದ್ದರೆ ದಯವಿಟ್ಟು ಪ್ರಯೋಗಸಹಿತ ತಿಳಿಸಬೇಕಾಗಿ ಕೋರುತ್ತೇನೆ.