ಭಾರತ ಮತ್ತು ಚೀನಾದ ಶಾಲಾ ಶಿಕ್ಷಣ: ವ್ಯತ್ಯಾಸ ನಿಜವಾಗಿ ಎಲ್ಲಿದೆ?

ಪ್ರಶ್ನೆ (ಶಿಕ್ಷಕ ತರಬೇತಿಯ ಉಪನ್ಯಾಸಕಿ)

ನಮ್ಮ ಪ್ರಶಿಕ್ಷಣಾರ್ಥಿಗಳಿಗೆ ಭಾರತ ಮತ್ತು ಚೀನಾದ ಶಾಲಾ ವ್ಯವಸ್ಥೆಗಳನ್ನು ಹೋಲಿಸಿ ಪಾಠ ಮಾಡಬೇಕಾಗಿದೆ. ಈ ಬಗ್ಗೆ ಓದಲು ಸಿಗುವ ಬರಹಗಳಲ್ಲಿ ಹೆಚ್ಚಿನವು ಚೀನಾದ ಗಾವೊಕಾವೊ ಎಂಬ ವಿಶ್ವವಿದ್ಯಾಲಯ ಪ್ರವೇಶ ಪರೀಕ್ಷೆಯಿಂದ ಆರಂಭವಾಗಿ ಅಲ್ಲಿಗೇ ಮುಗಿದುಬಿಡುತ್ತವೆ. 2024ರಲ್ಲಿ ಆ ಪರೀಕ್ಷೆಗೆ ಸುಮಾರು 1.34 ಕೋಟಿ ವಿದ್ಯಾರ್ಥಿಗಳು ಹೆಸರು ನೋಂದಾಯಿಸಿದ್ದರು, ಇಡೀ ದೇಶವೇ ಆ ದಿನಗಳಲ್ಲಿ ಉಸಿರು ಬಿಗಿಹಿಡಿಯುತ್ತದೆ ಎಂಬುದೆಲ್ಲ ನಿಜ. ಆದರೆ ಪರೀಕ್ಷೆಯ ಬಿಗಿಯಿಂದಲೇ ಕಲಿಕೆ ಸುಧಾರಿಸುವುದಾದರೆ ನಮ್ಮಲ್ಲೂ ಬಿಗಿಗೆ ಕೊರತೆಯೇನಿಲ್ಲ: ಅದೇ ವರ್ಷ ನೀಟ್‌ಗೆ 24 ಲಕ್ಷದಷ್ಟು ಮಂದಿ ನೋಂದಾಯಿಸಿದ್ದರು, ಜೆಇಇ ಮತ್ತು ಸಿಇಟಿಗಳು ಬೇರೆ. ಇಷ್ಟಿದ್ದೂ ಗ್ರಾಮೀಣ ಭಾರತದ ಐದನೇ ತರಗತಿಯ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ಎರಡನೇ ತರಗತಿಯ ಪಠ್ಯವನ್ನು ಸರಾಗವಾಗಿ ಓದಲು ಬರುವುದಿಲ್ಲ ಎಂದು ಪ್ರಥಮ್ ಸಂಸ್ಥೆಯ ಅಸರ್ ಎಂಬ ಕಲಿಕಾ ಸಮೀಕ್ಷೆಗಳು ಮತ್ತೆ ಮತ್ತೆ ಹೇಳುತ್ತಿವೆ.

ಎರಡೂ ದೇಶಗಳು 1950ರ ಹೊತ್ತಿಗೆ ಹೆಚ್ಚುಕಡಿಮೆ ಒಂದೇ ಸ್ಥಿತಿಯಲ್ಲಿದ್ದವು. ಎರಡರಲ್ಲೂ ಐವರಲ್ಲಿ ನಾಲ್ವರಿಗೆ ಓದುಬರಹ ಬರುತ್ತಿರಲಿಲ್ಲ. ಆ ಬಳಿಕ ದಾರಿ ಕವಲೊಡೆದದ್ದು ಎಲ್ಲಿ? ಅಲ್ಲಿ ಏಕಪಕ್ಷದ ಆಡಳಿತವಿದೆ, ಇಲ್ಲಿ ಪ್ರಜಾಪ್ರಭುತ್ವವಿದೆ ಎಂಬ ಉತ್ತರ ನನಗೆ ಸಾಲದು, ಏಕೆಂದರೆ ತರಗತಿಯೊಳಗೆ ನಾಳೆ ಏನು ಮಾಡಬಹುದು ಎಂಬುದಕ್ಕೆ ಅದರಿಂದ ಯಾವ ಸುಳಿವೂ ಸಿಗುವುದಿಲ್ಲ.

ಉತ್ತರ 1 (ಇತಿಹಾಸದ ಅಧ್ಯಾಪಕ)

ಕವಲು ಮೂಡಿದ್ದು ಆದ್ಯತೆಯ ಕ್ರಮದಲ್ಲಿ. ನಮ್ಮ ಸಂವಿಧಾನದ 45ನೇ ವಿಧಿಯು ಹತ್ತು ವರ್ಷಗಳೊಳಗೆ 14 ವಯಸ್ಸಿನವರೆಗಿನ ಎಲ್ಲ ಮಕ್ಕಳಿಗೂ ಉಚಿತ ಮತ್ತು ಕಡ್ಡಾಯ ಶಿಕ್ಷಣ ಒದಗಿಸಲು ಸರ್ಕಾರ ಪ್ರಯತ್ನಿಸಬೇಕೆಂದು ಹೇಳಿತ್ತು. ಅಂದರೆ 1960ರ ಹೊತ್ತಿಗೆ ಆಗಬೇಕಾಗಿದ್ದ ಕೆಲಸ ಅದು. ಅದು ಮೂಲಭೂತ ಹಕ್ಕಾಗಲು 2002ರ 86ನೇ ತಿದ್ದುಪಡಿ ಬರಬೇಕಾಯಿತು, ಆ ಹಕ್ಕನ್ನು ಜಾರಿಗೊಳಿಸುವ ಶಿಕ್ಷಣ ಹಕ್ಕು ಕಾಯ್ದೆ ಕಾರ್ಯರೂಪಕ್ಕೆ ಬಂದದ್ದು 2010ರ ಏಪ್ರಿಲ್ 1ರಂದು. ಗೋಪಾಲಕೃಷ್ಣ ಗೋಖಲೆಯವರು ಕಡ್ಡಾಯ ಪ್ರಾಥಮಿಕ ಶಿಕ್ಷಣದ ಮಸೂದೆಯನ್ನು ಬ್ರಿಟಿಷರ ಶಾಸನಸಭೆಯ ಮುಂದಿಟ್ಟದ್ದು 1911ರಲ್ಲಿ ಎಂಬುದನ್ನು ನೆನೆದರೆ, ನೂರು ವರ್ಷಗಳ ಈ ವಿಳಂಬ ಮನಸ್ಸಿಗೆ ನೋವು ಕೊಡುತ್ತದೆ. ಈ ನಡುವೆ ನಾವು ಸುಮ್ಮನೆ ಕುಳಿತಿರಲಿಲ್ಲ; 1951ರಲ್ಲೇ ಖರಗ್‌ಪುರದಲ್ಲಿ ಮೊದಲ ಐಐಟಿ ಆರಂಭವಾಯಿತು, ವಿಶ್ವವಿದ್ಯಾಲಯಗಳು ಬೆಳೆದವು. ಕಟ್ಟಿದ್ದು ಮಾತ್ರ ಮೇಲಿನಿಂದ ಕೆಳಕ್ಕೆ.

ಚೀನಾ ಕೆಳಗಿನಿಂದ ಹತ್ತಿತು. 1950ರ ದಶಕದ ಸಾಕ್ಷರತಾ ಚಳವಳಿ, ಲಿಪಿಯ ಸರಳೀಕರಣ, ಚೀನೀ ಉಚ್ಚಾರಣೆಯನ್ನು ರೋಮನ್ ಅಕ್ಷರಗಳಲ್ಲಿ ಬರೆಯಲು 1958ರಲ್ಲಿ ಬಂದ ಪಿನ್‌ಯಿನ್, ಇವೆಲ್ಲವೂ ಹಳ್ಳಿಯ ಮಗುವನ್ನು ಮತ್ತು ಓದು ಬಾರದ ರೈತನನ್ನು ಗಮನದಲ್ಲಿಟ್ಟು ನಡೆದವು. ಹಳ್ಳಿಯ ಸಮುದಾಯವೇ ತನ್ನ ಖರ್ಚಿನಲ್ಲಿ ನೇಮಿಸಿಕೊಂಡ ಲಕ್ಷಾಂತರ ಶಿಕ್ಷಕರು ಶಾಲೆಗಳನ್ನು ನಡೆಸಿದರು. ಅವರಲ್ಲಿ ಅನೇಕರಿಗೆ ತರಬೇತಿ ಇರಲಿಲ್ಲ, ಆದರೆ ಅವರು ದಿನವೂ ಶಾಲೆಯಲ್ಲಿ ಇರುತ್ತಿದ್ದರು. ಇದೇ ಕಾಲಕ್ಕೆ ಉನ್ನತ ಶಿಕ್ಷಣಕ್ಕೆ ಬಿದ್ದ ಪೆಟ್ಟನ್ನೂ ಮರೆಯಬಾರದು. ಸಾಂಸ್ಕೃತಿಕ ಕ್ರಾಂತಿಯ ಹೆಸರಿನಲ್ಲಿ ಶಿಕ್ಷಕರು ಅವಮಾನಕ್ಕೂ ಹಿಂಸೆಗೂ ಗುರಿಯಾದರು, 1966ರಲ್ಲಿ ನಿಂತುಹೋದ ಪ್ರವೇಶ ಪರೀಕ್ಷೆ ಮತ್ತೆ ನಡೆದದ್ದು 1977ರ ಕೊನೆಯಲ್ಲಿ. ಇಷ್ಟೆಲ್ಲ ಆದರೂ 1982ರ ಜನಗಣತಿಯಲ್ಲಿ ಚೀನಾದ ವಯಸ್ಕರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಸಾಕ್ಷರರಾಗಿದ್ದರು. 1981ರ ಭಾರತದಲ್ಲಿ ಏಳು ವರ್ಷ ಮತ್ತು ಮೇಲ್ಪಟ್ಟವರಲ್ಲಿ ಸಾಕ್ಷರರ ಪ್ರಮಾಣ ಶೇ. 43ರ ಆಸುಪಾಸಿನಲ್ಲಿತ್ತು. ಚೀನಾದ ಆರ್ಥಿಕ ಸುಧಾರಣೆಗಳು ಫಲ ಕೊಟ್ಟಿದ್ದಕ್ಕೆ ಅದಕ್ಕೂ ಮೊದಲೇ ಸಿದ್ಧವಾಗಿದ್ದ ಈ ಸಾಕ್ಷರ ತಳಹದಿ ಒಂದು ಮುಖ್ಯ ಕಾರಣ ಎಂದು ಅಮರ್ತ್ಯ ಸೇನ್ ದಶಕಗಳಿಂದ ಹೇಳುತ್ತ ಬಂದಿದ್ದಾರೆ. ಒಂಬತ್ತು ವರ್ಷಗಳ ಕಡ್ಡಾಯ ಶಿಕ್ಷಣದ ಕಾನೂನು ಅಲ್ಲಿ 1986ರಲ್ಲೇ ಬಂತು.

ಹಣದ ವಿಚಾರವನ್ನು ಚಿಕ್ಕದಾಗಿ ಹೇಳುತ್ತೇನೆ. ರಾಷ್ಟ್ರೀಯ ಆದಾಯದ ಶೇ. 6ರಷ್ಟನ್ನು ಶಿಕ್ಷಣಕ್ಕೆ ಕೊಡಬೇಕೆಂದು ಕೊಠಾರಿ ಆಯೋಗ 1966ರಲ್ಲಿ ಹೇಳಿದ್ದನ್ನೇ 2020ರ ಶಿಕ್ಷಣ ನೀತಿಯೂ ಹೇಳುತ್ತಿದೆ. ಚೀನಾ ಇಟ್ಟುಕೊಂಡ ಗುರಿ ಶೇ. 4 ಮಾತ್ರ, ಅದನ್ನು 2012ರಲ್ಲಿ ಮುಟ್ಟಿತು.

ಉತ್ತರ 2 (ನಿವೃತ್ತ ಮುಖ್ಯ ಶಿಕ್ಷಕ)

ಇತಿಹಾಸದ ಮಾತನ್ನು ಒಪ್ಪುತ್ತೇನೆ. ಆದರೆ ನಿಮ್ಮ ಪ್ರಶಿಕ್ಷಣಾರ್ಥಿಗಳಿಗೆ ಎಲ್ಲಕ್ಕಿಂತ ಮೊದಲು ಹೇಳಬೇಕಾದದ್ದು ಶಿಕ್ಷಕರ ದಿನಚರಿಯ ಬಗ್ಗೆ ಎಂದು ನನ್ನ ಬಲವಾದ ಅಭಿಪ್ರಾಯ.

ಚೀನಾದ ಸಾಧಾರಣ ಪಟ್ಟಣದ ಪ್ರಾಥಮಿಕ ಶಾಲೆಯಲ್ಲಿಯೂ ಗಣಿತದ ಶಿಕ್ಷಕರು ಬಹುತೇಕ ಗಣಿತವನ್ನು ಮಾತ್ರ ಬೋಧಿಸುತ್ತಾರೆ. ದಿನಕ್ಕೆ ಎರಡು ಮೂರು ಅವಧಿಗಳ ಪಾಠ ಇರುತ್ತದೆ. ತರಗತಿಗಳು ದೊಡ್ಡವು, ನಲವತ್ತು ಐವತ್ತು ಮಕ್ಕಳು ಸಾಮಾನ್ಯ. ಉಳಿದ ಸಮಯದಲ್ಲಿ ಅವರು ಸಹೋದ್ಯೋಗಿಗಳೊಂದಿಗೆ ಒಂದೇ ಕೊಠಡಿಯಲ್ಲಿ ಕುಳಿತು ಪುಸ್ತಕ ತಿದ್ದುತ್ತಾರೆ, ನಾಳಿನ ಪಾಠ ಸಿದ್ಧಪಡಿಸುತ್ತಾರೆ. ಬಹುತೇಕ ಶಾಲೆಗಳಲ್ಲಿ ವಿಷಯವಾರು ಬೋಧನಾ ಸಂಶೋಧನಾ ತಂಡಗಳಿವೆ. ಹೊಸ ಶಿಕ್ಷಕಿಯೊಬ್ಬರು ಪಾಠ ಮಾಡುವಾಗ ತಂಡದವರು ಹಿಂದಿನ ಬೆಂಚಿನಲ್ಲಿ ಕುಳಿತು ಟಿಪ್ಪಣಿ ಮಾಡಿಕೊಳ್ಳುತ್ತಾರೆ, ಬಳಿಕ ಚರ್ಚೆ ನಡೆಯುತ್ತದೆ. ಆ ಚರ್ಚೆ ಎಷ್ಟು ಸೂಕ್ಷ್ಮಕ್ಕೆ ಇಳಿಯಬಲ್ಲದು ಎಂಬುದಕ್ಕೆ ಭಿನ್ನರಾಶಿಯ ಪಾಠವೊಂದನ್ನು ಊಹಿಸಿಕೊಳ್ಳಿ. ಹುಡುಗನೊಬ್ಬ 1/2 + 1/3 = 2/5 ಎಂದು ಬೋರ್ಡಿನ ಮೇಲೆ ಬರೆಯುತ್ತಾನೆ. ಶಿಕ್ಷಕಿ ತಕ್ಷಣ ಅದನ್ನು ಒರೆಸಿ ಸರಿಯಾದ ವಿಧಾನವನ್ನು ತೋರಿಸುತ್ತಾರೆ. ಅನುಭವಿ ಶಿಕ್ಷಕರು ಕೇಳುವ ಪ್ರಶ್ನೆ ಇದು: ಒರೆಸಿದ್ದೇಕೆ? 2/5 ಎಂಬುದು ಅರ್ಧಕ್ಕಿಂತ ದೊಡ್ಡದೋ ಚಿಕ್ಕದೋ ಎಂದು ತರಗತಿಯನ್ನೇ ಕೇಳಿದ್ದರೆ, ಅರ್ಧಕ್ಕೆ ಇನ್ನಷ್ಟು ಕೂಡಿಸಿದ ಮೇಲೆ ಅರ್ಧಕ್ಕಿಂತ ಕಡಿಮೆಯಾಗಲು ಸಾಧ್ಯವೇ ಎಂದು ಮಕ್ಕಳೇ ಯೋಚಿಸುತ್ತಿದ್ದರಲ್ಲವೇ? ಇಂಥ ಮಾತು ವಾರಕ್ಕೊಮ್ಮೆಯಾದರೂ ಕಿವಿಗೆ ಬೀಳುವ ಶಿಕ್ಷಕಿ ಐದು ವರ್ಷಗಳಲ್ಲಿ ಬೇರೆಯೇ ಶಿಕ್ಷಕಿಯಾಗುತ್ತಾರೆ.

ಈಗ ನಮ್ಮ ಚಿತ್ರ ನೋಡಿ. ಶಾಲೆಗಳ ಕುರಿತ ಸರ್ಕಾರಿ ಮಾಹಿತಿ ಸಂಗ್ರಹವಾದ ಯು-ಡೈಸ್‌ನ ಅಂಕಿಅಂಶಗಳಂತೆ ದೇಶದಲ್ಲಿ ಸುಮಾರು 14.7 ಲಕ್ಷ ಶಾಲೆಗಳಿವೆ, ಅವುಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಏಕೋಪಾಧ್ಯಾಯ ಶಾಲೆಗಳು. ಚೀನಾದಲ್ಲಿ ಶಿಶುವಿಹಾರದಿಂದ ವಿಶ್ವವಿದ್ಯಾಲಯದವರೆಗೆ ಎಲ್ಲವನ್ನೂ ಸೇರಿಸಿದರೂ ಸುಮಾರು 5 ಲಕ್ಷ ಸಂಸ್ಥೆಗಳಿವೆ. ನಾವು ಮಗುವಿನ ಮನೆಯ ಹತ್ತಿರ ಶಾಲೆ ಇರಬೇಕೆಂಬ ತತ್ತ್ವವನ್ನು ಹಿಡಿದೆವು, 1ರಿಂದ 5ನೇ ತರಗತಿಗೆ ಒಂದು ಕಿಲೋಮೀಟರ್ ಎಂಬ ಮಿತಿಯನ್ನು ನಿಯಮದಲ್ಲೇ ಬರೆದೆವು. ಅದರಿಂದ ಹೆಣ್ಣುಮಕ್ಕಳು ಶಾಲೆಗೆ ಬಂದರು, ಅದು ಸಣ್ಣ ಸಾಧನೆಯಲ್ಲ. ಆದರೆ ಅದೇ ತತ್ತ್ವದಿಂದಾಗಿ ಲಕ್ಷಾಂತರ ಶಿಕ್ಷಕರು ಒಬ್ಬಂಟಿಯಾದರು. ಐದು ತರಗತಿಗಳನ್ನು ಒಬ್ಬರೇ ನೋಡಿಕೊಂಡು, ಬಿಸಿಯೂಟದ ಲೆಕ್ಕ ಬರೆದು, ಮಾಹಿತಿಯನ್ನು ಆನ್‌ಲೈನ್‌ನಲ್ಲಿ ತುಂಬುವವರ ಪಾಠವನ್ನು ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಲು ಯಾರಿದ್ದಾರೆ?

ಉತ್ತರ 3 (ಸಂಶೋಧನಾ ವಿದ್ಯಾರ್ಥಿನಿ)

ಹಿಂದಿನ ಉತ್ತರದಲ್ಲಿ ಬಂದ ಶಾಲೆಗಳ ಸಂಖ್ಯೆಯ ಹಿಂದೆ ಇನ್ನೊಂದು ಕಥೆಯಿದೆ, ಅದನ್ನು ಬಿಟ್ಟರೆ ಹೋಲಿಕೆ ಅನ್ಯಾಯದ್ದಾಗುತ್ತದೆ. 2001ರ ಬಳಿಕ ಚೀನಾ ತನ್ನ ಹಳ್ಳಿಗಳ ಸಣ್ಣ ಶಾಲೆಗಳನ್ನು ಬಹು ದೊಡ್ಡ ಪ್ರಮಾಣದಲ್ಲಿ ವಿಲೀನಗೊಳಿಸಿತು. ತೀರಾ ಚಿಕ್ಕ ಮಕ್ಕಳೂ ಮನೆ ಬಿಟ್ಟು ವಸತಿಶಾಲೆಗಳಲ್ಲಿ ಇರಬೇಕಾಯಿತು, ಇಲ್ಲವೇ ದೂರದ ಹಾದಿಯಲ್ಲಿ ದಿನವೂ ಓಡಾಡಬೇಕಾಯಿತು. ಆಕ್ಷೇಪಗಳು ಹೆಚ್ಚಿದ ಮೇಲೆ 2012ರಲ್ಲಿ ಸರ್ಕಾರವೇ ವಿಲೀನಕ್ಕೆ ತಡೆ ಹಾಕಿತು.

ಅದಕ್ಕಿಂತ ಕಠೋರವಾದದ್ದು ಹುಕೋ, ಅಂದರೆ ಶಾಲೆಯಂಥ ಸೌಲಭ್ಯಗಳನ್ನು ಮೂಲ ಊರಿಗೇ ಕಟ್ಟಿಹಾಕುವ ನಿವಾಸ ನೋಂದಣಿ. ಹೆನಾನ್ ಪ್ರಾಂತ್ಯದ ಕಾರ್ಮಿಕ ದಂಪತಿ ಬೀಜಿಂಗ್‌ನಲ್ಲಿ ಹದಿನೈದು ವರ್ಷ ದುಡಿದರೂ ಅವರ ಮಗು ಸಾಮಾನ್ಯವಾಗಿ ಗಾವೊಕಾವೊ ಬರೆಯಬೇಕಾದದ್ದು ಹೆನಾನ್‌ನಲ್ಲಿ. ಅಲ್ಲಿ ಸ್ಪರ್ಧಿಗಳು ಬಹಳ, ಹೆಸರಾಂತ ವಿಶ್ವವಿದ್ಯಾಲಯಗಳು ಪ್ರಾಂತ್ಯವಾರು ಹಂಚುವ ಸೀಟುಗಳು ಕಡಿಮೆ. ಆದ್ದರಿಂದ ಎಷ್ಟೋ ಮಕ್ಕಳು ಪ್ರೌಢಶಾಲೆಯ ಹೊತ್ತಿಗೆ ತಂದೆತಾಯಿಯನ್ನು ಬಿಟ್ಟು ಊರಿಗೆ ಮರಳುತ್ತಾರೆ, ಅಥವಾ ಮೊದಲಿನಿಂದಲೂ ಅಜ್ಜಿಯ ಬಳಿ ಬೆಳೆಯುತ್ತಾರೆ. ನಮ್ಮಲ್ಲೂ ವೃತ್ತಿಶಿಕ್ಷಣದ ರಾಜ್ಯ ಕೋಟಾಗಳಿಗೆ ವಾಸದ ನಿಯಮಗಳಿವೆ; ಕರ್ನಾಟಕದ ಸಿಇಟಿ ಸೀಟಿಗೆ ಸಾಮಾನ್ಯವಾಗಿ ಏಳು ವರ್ಷ ಇಲ್ಲಿ ಓದಿರಬೇಕು. ಆದರೆ ರಾಯಚೂರಿನಿಂದಲೋ ಬಿಹಾರದಿಂದಲೋ ಬಂದ ಕಾರ್ಮಿಕರ ಮಗುವನ್ನು ದಾಖಲೆ ಇಲ್ಲವೆಂಬ ಕಾರಣಕ್ಕೆ ಬೆಂಗಳೂರಿನ ಸರ್ಕಾರಿ ಶಾಲೆ ಹೊರಗಿಡುವಂತಿಲ್ಲ ಎಂದು ನಮ್ಮ ಕಾನೂನು ಹೇಳುತ್ತದೆ. ಈ ವ್ಯತ್ಯಾಸ ನನಗೆ ಬಹಳ ಮುಖ್ಯವೆನಿಸುತ್ತದೆ.

ಹದಿನೈದು ವರ್ಷದ ವಿದ್ಯಾರ್ಥಿಗಳಿಗೆ ನಡೆಯುವ ಅಂತರರಾಷ್ಟ್ರೀಯ ಪಿಸಾ ಪರೀಕ್ಷೆಯ ಫಲಿತಾಂಶವನ್ನೂ ಎಚ್ಚರದಿಂದ ಬಳಸಿ. 2018ರಲ್ಲಿ ಅಗ್ರಸ್ಥಾನ ಪಡೆದದ್ದು ಇಡೀ ಚೀನಾ ಅಲ್ಲ. ಬೀಜಿಂಗ್, ಶಾಂಘೈ, ಜಿಯಾಂಗ್ಸು ಮತ್ತು ಝೆಜಿಯಾಂಗ್ ಎಂಬ ನಾಲ್ಕು ಅನುಕೂಲಸ್ಥ ಪ್ರದೇಶಗಳು. ಭಾರತದಿಂದ 2009ರ ಸುತ್ತಿನಲ್ಲಿ ಭಾಗವಹಿಸಿದ್ದು ತಮಿಳುನಾಡು ಮತ್ತು ಹಿಮಾಚಲ ಪ್ರದೇಶ ಮಾತ್ರ, ಅವು ಪಟ್ಟಿಯ ತಳದಲ್ಲಿದ್ದವು.

ಟ್ಯೂಷನ್ ಬಗ್ಗೆ ಒಂದು ಮಾತು. 2021ರ ಜುಲೈನಲ್ಲಿ ಚೀನಾ ಕಡ್ಡಾಯ ಶಿಕ್ಷಣದ ಹಂತದಲ್ಲಿ ಮುಖ್ಯ ವಿಷಯಗಳ ಲಾಭದಾಯಕ ಟ್ಯೂಷನ್ ಅನ್ನು ನಿಷೇಧಿಸಿತು. ಟ್ಯೂಷನ್ ನಿಲ್ಲಲಿಲ್ಲ, ಅನುಕೂಲವಿದ್ದವರ ಮನೆಗಳೊಳಗೆ ಗುಟ್ಟಾಗಿ ಮುಂದುವರಿಯಿತು. ಪ್ರವೇಶ ಪರೀಕ್ಷೆಯ ಕಟ್ಟು ಹಾಗೆಯೇ ಉಳಿದಿರುವಾಗ ಬೇರೇನಾಗಲು ಸಾಧ್ಯವಿತ್ತು?

ಪ್ರಶ್ನೆ ಕೇಳಿದವರು

ಮೂವರಿಗೂ ಕೃತಜ್ಞತೆಗಳು. ಶಾಲೆ ಹತ್ತಿರವಿರಬೇಕೋ, ಶಿಕ್ಷಕರು ಜೊತೆಗಿರಬೇಕೋ ಎಂಬ ಆಯ್ಕೆಯ ರೂಪದಲ್ಲಿ ಈ ವಿಷಯವನ್ನು ನಾನು ಯೋಚಿಸಿರಲಿಲ್ಲ. ನನಗೆ ಉಳಿದಿರುವ ಪ್ರಶ್ನೆ ಒಂದೇ: ಸಣ್ಣ ಶಾಲೆಗಳನ್ನು ಮುಚ್ಚದೆ ಶಿಕ್ಷಕರ ಒಂಟಿತನವನ್ನು ನೀಗಿಸಲು ಸಾಧ್ಯವಿದೆಯೇ?

ಉತ್ತರ 2 (ನಿವೃತ್ತ ಮುಖ್ಯ ಶಿಕ್ಷಕ)

ಸಾಧ್ಯವಿದೆ, ಅದಕ್ಕೆ ಬೇಕಾದ ಚೌಕಟ್ಟು ನಮ್ಮಲ್ಲಿ ಈಗಾಗಲೇ ಇದೆ. ಕ್ಲಸ್ಟರ್ ಸಂಪನ್ಮೂಲ ಕೇಂದ್ರಗಳು ಹುಟ್ಟಿದ್ದೇ ಇದಕ್ಕಾಗಿ. ಹತ್ತಾರು ಶಾಲೆಗಳ ಶಿಕ್ಷಕರು ಸಮಾಲೋಚನಾ ಸಭೆಗೆ ಒಂದೆಡೆ ಸೇರುತ್ತಾರೆ. ನಾನು ಕುಳಿತ ಸಭೆಗಳಲ್ಲಿ ಬಹುಪಾಲು ಸಮಯ ಸುತ್ತೋಲೆ ಓದುವುದರಲ್ಲಿ ಮತ್ತು ಅಂಕಿಅಂಶ ಕೊಡುವುದರಲ್ಲಿ ಹೋಗುತ್ತಿತ್ತು. ಆ ಸಭೆಯನ್ನು ಪ್ರತಿ ಸಲವೂ ಬೇರೆ ಬೇರೆ ಶಾಲೆಯಲ್ಲಿ, ಮಕ್ಕಳು ಇರುವ ಹೊತ್ತಿನಲ್ಲಿ ನಡೆಸಿ, ಒಬ್ಬರು ನಿಜವಾದ ತರಗತಿಗೆ ಪಾಠ ಮಾಡಿ, ಉಳಿದವರು ನೋಡಿ, ಮಧ್ಯಾಹ್ನ ಆ ಒಂದೇ ಪಾಠದ ಬಗ್ಗೆ ಮಾತಾಡಬೇಕು. ಸುತ್ತೋಲೆಗಳಿಗೆ ವಾಟ್ಸ್‌ಆ್ಯಪ್ ಸಾಕು.

ನಮ್ಮ ಶಿಕ್ಷಕರಿಂದ ಇದು ಆಗದು ಎನ್ನುವವರಿಗೆ ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿಯನ್ನು ನೆನಪಿಸುತ್ತೇನೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಅದನ್ನು ರೂಪಿಸಿದ್ದರಲ್ಲಿ ಸರ್ಕಾರಿ ಶಾಲೆಯ ಶಿಕ್ಷಕರ ಪಾಲು ದೊಡ್ಡದು. ಕಲಿಕಾ ಕಾರ್ಡುಗಳನ್ನು ಅವರು ಒಟ್ಟಿಗೆ ಕುಳಿತು ಬರೆದರು, ತರಗತಿಯಲ್ಲಿ ಪರೀಕ್ಷಿಸಿದರು, ತಿದ್ದಿದರು. ಮುಂದೆ ಅದು ರಾಜ್ಯದ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಹೋದಾಗ ಕಾರ್ಡುಗಳು ಹೋದವು, ಒಟ್ಟಿಗೆ ಕೂರುವ ಅಭ್ಯಾಸ ಅದೇ ಪ್ರಮಾಣದಲ್ಲಿ ಹೋಗಲಿಲ್ಲ. ನಿಮ್ಮ ಪ್ರಶಿಕ್ಷಣಾರ್ಥಿಗಳು ಬೋಧನಾಭ್ಯಾಸಕ್ಕೆ ಹೋಗುವಾಗ ಇಬ್ಬಿಬ್ಬರಾಗಿ ಹೋಗಲಿ, ಒಬ್ಬರು ಪಾಠ ಮಾಡುವಾಗ ಇನ್ನೊಬ್ಬರು ಮಕ್ಕಳ ತಪ್ಪು ಉತ್ತರಗಳನ್ನು ಮಾತ್ರ ಬರೆದುಕೊಳ್ಳಲಿ. ಅಂಕದ ಪಟ್ಟಿಗಿಂತ ಮೊದಲು ಆ ತಪ್ಪುಗಳ ಪಟ್ಟಿಯನ್ನು ನೀವು ಅವರೊಂದಿಗೆ ಕುಳಿತು ಓದಿ.