ಫಾರ್ಮ್ 1 ಎಸ್‌ಬಿಆರ್: ರಿಸೀವರ್ ಮೇಲೆ ಏನೇನು ಕೆತ್ತಿಸಬೇಕು, ಎಷ್ಟು ಆಳ?

ಪ್ರಶ್ನೆ

ಅಮೆರಿಕದಲ್ಲಿ ಶಾರ್ಟ್ ಬ್ಯಾರೆಲ್ ರೈಫಲ್ (ಎಸ್‌ಬಿಆರ್, ಗಿಡ್ಡ ನಳಿಕೆಯ ರೈಫಲ್) ಮಾಡಿಕೊಳ್ಳಲು ಟ್ರಸ್ಟ್ ಹೆಸರಲ್ಲಿ ಹಾಕಿದ್ದ ಫಾರ್ಮ್ 1ಕ್ಕೆ, ಅಂದರೆ ತಯಾರಿಕೆಯ ಅನುಮತಿ ಅರ್ಜಿಗೆ, ಎಟಿಎಫ್ (ಬಂದೂಕು ನಿಯಮ ನೋಡಿಕೊಳ್ಳುವ ಫೆಡರಲ್ ಸಂಸ್ಥೆ) ಒಪ್ಪಿಗೆ ಬಂದಿದೆ. ಲೋವರ್ ರಿಸೀವರ್ (ಟ್ರಿಗರ್ ಕೂರುವ ಕೆಳಭಾಗದ ಚೌಕಟ್ಟು) ಕಂಪನಿಯದ್ದೇ, ಅನೊಡೈಸ್ ಮಾಡಿದ (ಮೇಲೆ ಗಟ್ಟಿ ಆಕ್ಸೈಡ್ ಪದರ ಬರಿಸಿದ) ಅಲ್ಯೂಮಿನಿಯಂ, ಸೀರಿಯಲ್ ನಂಬರ್ ಆಗಲೇ ಇದೆ. ಹೊಸ ನಂಬರ್ ಬೇಕಾ? ಕೆತ್ತಿಸಬೇಕಾದ್ದು ನನ್ನ ಹೆಸರಾ, ಟ್ರಸ್ಟ್ ಹೆಸರಾ? 1/16 ಇಂಚಿನ ಅಳತೆ ಎಲ್ಲ ಅಕ್ಷರಕ್ಕೂ ಅನ್ವಯಿಸುತ್ತಾ?

ಉತ್ತರ 1

ಹೊಸ ನಂಬರ್ ಬೇಡ. ಕಂಪನಿಯ ನಂಬರನ್ನೇ ಫಾರ್ಮ್‌ನಲ್ಲಿ ಬರೆದಿದ್ದರೆ ಅದೇ ಮುಂದುವರಿಯುತ್ತದೆ. ನೀವು ಸೇರಿಸಬೇಕಾದ್ದು ಮೇಕರ್ ಹೆಸರು, ಊರು, ರಾಜ್ಯ. ಇಲ್ಲಿ ಮೇಕರ್ ಅಂದರೆ ಅರ್ಜಿದಾರ. ನಿಮ್ಮ ವಿಷಯದಲ್ಲಿ ಅದು ಟ್ರಸ್ಟ್, ನೀವಲ್ಲ. ಒಪ್ಪಿಗೆಯಾದ ಪ್ರತಿಯಲ್ಲಿ ಟ್ರಸ್ಟ್ ಹೆಸರು ಹೇಗಿದೆಯೋ ಹಾಗೇ ಕೆತ್ತಿಸಿ. ರಾಜ್ಯಕ್ಕೆ ಎರಡಕ್ಷರದ ಸಂಕ್ಷೇಪ ಸಾಕು.

ನಿಯಮ ಇರುವುದು ಫೆಡರಲ್ ನಿಯಮಾವಳಿಯ 27 ಸಿಎಫ್‌ಆರ್ 479.102ರಲ್ಲಿ. ಆಳ ಕನಿಷ್ಠ 0.003 ಇಂಚು, ಅಂದರೆ ಸುಮಾರು 0.076 ಮಿ.ಮೀ. ಇದು ಎಲ್ಲ ಗುರುತಿಗೂ ಅನ್ವಯ. 1/16 ಇಂಚು ಎತ್ತರದ ಷರತ್ತು ಸೀರಿಯಲ್ ನಂಬರ್‌ಗೆ ಮಾತ್ರ. ಹಾಗಂತ ಹೆಸರನ್ನು ಭೂತಗನ್ನಡಿ ಹಿಡಿದು ಓದುವಷ್ಟು ಸಣ್ಣದು ಮಾಡಬೇಡಿ, ಅದು ಸ್ಪಷ್ಟವಾಗಿ ಕಾಣಬೇಕು ಅಂತಲೂ ನಿಯಮ ಹೇಳುತ್ತದೆ. ಹೆಸರನ್ನು ಬ್ಯಾರೆಲ್ ಮೇಲೆ ಹಾಕಿಸುವ ಹಳೆಯ ರೂಢಿ ಬಿಡಿ. 2022ರ ಆಗಸ್ಟ್ 24ರಿಂದ ಜಾರಿಯಲ್ಲಿರುವ ನಿಯಮದಲ್ಲಿ ಅದರ ಜಾಗ ಫ್ರೇಮ್ ಅಥವಾ ರಿಸೀವರ್.

ಉತ್ತರ 2

ಎಡವುವುದು ಹೆಚ್ಚಾಗಿ ಆಳದಲ್ಲಿ. ಅಳೆಯಬೇಕಾದ್ದು ಲೋಹದ ಸಮತಟ್ಟಾದ ಮೇಲ್ಮೈಯಿಂದ. ಲೇಸರ್ ಹೊಡೆದಾಗ ಅಕ್ಷರದ ಅಂಚಲ್ಲಿ ಕರಗಿದ ಲೋಹ ಉಬ್ಬಿ ನಿಲ್ಲುತ್ತದೆ, ಆ ಉಬ್ಬಿನ ತುದಿಯಿಂದ ಅಳೆದರೆ 0.003 ಬಂದಂತೆ ಕಂಡರೂ ಲೆಕ್ಕಕ್ಕಿಲ್ಲ. ಕೆತ್ತುವವರಿಗೆ 0.005 ಇಂಚು ಅಂತ ಮೊದಲೇ ಹೇಳಿಬಿಡಿ. ಅನೊಡೈಸ್ ಪದರವನ್ನಷ್ಟೇ ಸುಟ್ಟು ಬಿಳಿ ಅಕ್ಷರ ಮೂಡಿಸುವ ಒಂದೇ ಪಾಸ್ (ಲೇಸರ್ ಒಂದು ಸಲ ಓಡಿಸುವುದು) ಸಾಲದು, ಫೈಬರ್ ಲೇಸರ್‌ನಲ್ಲಿ ಹಲವು ಪಾಸ್ ಬೇಕು. ಸೂಜಿಮೊನೆಯ ಡೆಪ್ತ್ ಗೇಜ್‌ನಿಂದ ಮೂರ್ನಾಲ್ಕು ಅಕ್ಷರಗಳ ತಳ ಮುಟ್ಟಿ ನೋಡಿ. ಕ್ಯಾಲಿಪರ್‌ನ ಹಿಂದಿನ ಕಡ್ಡಿ ಅಷ್ಟು ಸಣ್ಣ ಗೆರೆಯೊಳಗೆ ಇಳಿಯುವುದೇ ಇಲ್ಲ.

ಸೆರಾಕೋಟ್ (ಬಂದೂಕಿಗೆ ಬಳಿಯುವ ಸೆರಾಮಿಕ್ ಲೇಪ) ಹಾಕಿಸುವುದಿದ್ದರೆ ಬಣ್ಣ ಗೆರೆಯೊಳಗೂ ತುಂಬಿಕೊಂಡು ಓದಲು ಕಷ್ಟವಾಗುತ್ತದೆ. ಇನ್ನೂ ತುಸು ಆಳ ಕೆತ್ತಿಸಿ, ಬಳಿಯುವ ಮುಂಚೆಯೇ ಅಳೆದು ಫೋಟೋ ಇಟ್ಟುಕೊಳ್ಳಿ.

ಹೆಸರಿನ ಸ್ಪೆಲಿಂಗನ್ನು ಫಾರ್ಮ್ ಎದುರಿಗಿಟ್ಟುಕೊಂಡು ಅಕ್ಷರ ಅಕ್ಷರವಾಗಿ ತಾಳೆ ನೋಡಿ. ಟೇಪ್ ಅಂಟಿಸಿ ಅದರ ಮೇಲೆ ಮೊದಲು ಪ್ರೂಫ್ ಹೊಡೆದು ತೋರಿಸಿ ಅಂತ ಕೇಳಿದರೆ ಮಾಡಿಕೊಡುತ್ತಾರೆ. ಕಂಪನಿಯ ಸೀರಿಯಲ್ ನಂಬರಿನ ಹತ್ತಿರ ಮಾತ್ರ ಏನನ್ನೂ ಮುಟ್ಟಿಸಬೇಡಿ. ಅದನ್ನು ಅಳಿಸುವುದು, ತಿದ್ದುವುದು ಫೆಡರಲ್ ಕಾನೂನಿನ 26 ಯುಎಸ್‌ಸಿ 5861ರಡಿ ಅಪರಾಧ. ಹತ್ತು ವರ್ಷದವರೆಗೆ ಜೈಲು.

ಪ್ರಶ್ನೆ ಕೇಳಿದವರು

ತುಂಬಾ ಉಪಯೋಗವಾಯ್ತು. ಮುಂದೆ ಎಸ್‌ಬಿಆರ್ ಬೇಡವೆಂದು ಉದ್ದದ ಬ್ಯಾರೆಲ್ ಹಾಕಿದರೆ ಈ ಕೆತ್ತನೆ ಅಳಿಸಬೇಕಾ? ಮನೆ ಬದಲಾಯಿಸಿದರೆ?

ಉತ್ತರ 1

ಎರಡಕ್ಕೂ ಬೇಡ. ಮಾಡಿದಾಗಿನ ಊರೇ ಗುರುತಾಗಿ ಉಳಿಯುತ್ತದೆ. ಆದರೆ ಎಸ್‌ಬಿಆರ್ ಆಗಿರುವಾಗಲೇ ಬೇರೆ ರಾಜ್ಯಕ್ಕೆ ಒಯ್ಯುವುದಿದ್ದರೆ ಎಟಿಎಫ್‌ಗೆ ಫಾರ್ಮ್ 5320.20 (ರಾಜ್ಯ ದಾಟಿಸುವ ಅನುಮತಿಯ ಅರ್ಜಿ) ಹಾಕಿ, ಒಪ್ಪಿಗೆ ಕೈಗೆ ಬಂದಮೇಲೆ ಹೊರಡಿ. ಹೋಗುವ ರಾಜ್ಯದಲ್ಲಿ ಎಸ್‌ಬಿಆರ್‌ಗೆ ಅವಕಾಶ ಇದೆಯೇ ಅನ್ನುವುದನ್ನೂ ಮೊದಲೇ ನೋಡಿಕೊಳ್ಳಿ. ಕ್ಯಾಲಿಫೋರ್ನಿಯಾದಂಥ ಕಡೆ ಸಾಮಾನ್ಯ ನಾಗರಿಕರಿಗೆ ಅದು ಸಿಗುವುದಿಲ್ಲ. ಅಲ್ಲಿ ಮನೆಯಲ್ಲಿ ಮಾಡುವ ಮಾಮೂಲಿ ಬಂದೂಕಿಗೂ ರಾಜ್ಯದ ನ್ಯಾಯ ಇಲಾಖೆಯಿಂದ ಮೊದಲೇ ಸೀರಿಯಲ್ ನಂಬರ್ ಪಡೆಯಬೇಕು.