5 ಪುಟ ಅಂದಿದ್ದು 14 ಆಯಿತು: ಫ್ರೀಲ್ಯಾನ್ಸ್ ವೆಬ್ ಡಿಸೈನರ್ ಜೊತೆ ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಮೇಡಂ. ಕೆಲಸ ಬಿಟ್ಟು ಸ್ವಂತವಾಗಿ ವೆಬ್ ಡಿಸೈನ್ ಶುರು ಮಾಡಿ 7 ತಿಂಗಳಾಯಿತು. ಕೆಲಸಕ್ಕೆ ಕೊರತೆ ಇಲ್ಲ, ಆದರೆ ತಿಂಗಳ ಕೊನೆಗೆ ಕೈಯಲ್ಲಿ ಏನೂ ಉಳಿಯುತ್ತಿಲ್ಲ. ಈಗ ಒಂದು ಪೀಠೋಪಕರಣ ಅಂಗಡಿಯ ಸೈಟ್ ಮಾಡುತ್ತಿದ್ದೇನೆ. 5 ಪುಟ ಅಂತ ಫೋನಿನಲ್ಲಿ ಮಾತಾಗಿತ್ತು, ಆಗಲೇ ದರವನ್ನೂ ಹೇಳಿಬಿಟ್ಟೆ. ಈಗ ಅದು 14 ಪುಟ ಆಗಿದೆ. ದಿನಾ ರಾತ್ರಿ ಒಂದು ಗಂಟೆವರೆಗೆ ಕೂತಿರುತ್ತೇನೆ. ಜಾಸ್ತಿ ಹಣ ಕೇಳಿದರೆ ಕ್ಲೈಂಟ್ ಬೇಜಾರಾಗಿ ಹೋಗಿಬಿಡುತ್ತಾರೇನೋ ಅಂತ ಭಯ. ನನ್ನ ದರ ಕಡಿಮೆ ಆಯಿತಾ?

ಉತ್ತರ: ನಿಮ್ಮ ದರ ಕಡಿಮೆಯೋ ಜಾಸ್ತಿಯೋ ಅಂತ ನನಗೆ ಗೊತ್ತಾಗುವುದಿಲ್ಲ. ನಿಮಗೂ ಗೊತ್ತಾಗುವ ಹಾಗಿರಲಿಲ್ಲ. ಯಾಕೆಂದರೆ ಕೆಲಸ ಏನು ಅಂತ ತಿಳಿಯುವ ಮೊದಲೇ ದರ ಹೇಳಿದ್ದೀರಿ. ನಾನು ಈ ಕೆಲಸಕ್ಕೆ ಬಂದು 16 ವರ್ಷವಾಯಿತು. ಹಣದ ವಿಷಯದಲ್ಲಿ ಪೆಟ್ಟು ತಿಂದಾಗಲೆಲ್ಲ ಹಿಂದೆ ತಿರುಗಿ ನೋಡಿದ್ದೇನೆ. ತಪ್ಪು ಹೆಚ್ಚಾಗಿ ಮೊದಲ ಮಾತುಕತೆಯಲ್ಲೇ ಇರುತ್ತಿತ್ತು.

ಫೋನಿನಲ್ಲಿ "ಎಷ್ಟಾಗುತ್ತೆ?" ಅಂತ ಕೇಳಿದರೆ ನಾನು ಈಗ ಹೀಗೆ ಹೇಳುತ್ತೇನೆ: "ಕೆಲವು ಪ್ರಶ್ನೆ ಕೇಳಬೇಕು, ಆಮೇಲೆ ಎರಡು ದಿನದಲ್ಲಿ ಬರೆದು ಕಳಿಸುತ್ತೇನೆ." ಇಷ್ಟಕ್ಕೇ ಬಿಟ್ಟುಹೋದವರು ತೀರಾ ಕಡಿಮೆ.

ಏನು ಕೇಳಬೇಕು? ಸೈಟಿಗೆ ಯಾರು ಬರುತ್ತಾರೆ, ಬಂದವರು ಏನು ಮಾಡಬೇಕು ಅನ್ನುವುದು ಮೊದಲನೆಯದು. ಫೋನ್ ಮಾಡಬೇಕಾ, ಅಂಗಡಿಗೆ ಬರಬೇಕಾ, ಅಲ್ಲೇ ಕೊಳ್ಳಬೇಕಾ? ಈ ಮೂರಕ್ಕೆ ಮೂರು ಬೇರೆ ಬೇರೆ ಸೈಟ್ ಬೇಕಾಗುತ್ತದೆ. ಆಮೇಲೆ ಬರಹ ಯಾರು ಬರೆಯುತ್ತಾರೆ, ಫೋಟೊ ಯಾರು ತೆಗೆಯುತ್ತಾರೆ, ಸೈಟ್ ಮುಗಿದ ಮೇಲೆ ಹೊಸ ಸಾಮಾನು ಸೇರಿಸುವವರು ಯಾರು ಅಂತ ಕೇಳಿ. ಕೊನೆಗೆ, "ಸರಿ, ಇದೇ ಇರಲಿ" ಅನ್ನುವ ಅಧಿಕಾರ ಯಾರಿಗಿದೆ? ಇದನ್ನು ಕೇಳದೇ ಬಿಟ್ಟರೆ ಡಿಸೈನ್ ಒಪ್ಪಿಗೆಯಾದ ಮೂರನೇ ವಾರ ಅವರ ಪಾಲುದಾರರೊಬ್ಬರು ಬಂದು "ಬಣ್ಣ ಬೇರೆ ಇರಬೇಕಿತ್ತು" ಅನ್ನುತ್ತಾರೆ.

ನಿಮ್ಮ ಪೀಠೋಪಕರಣದವರನ್ನೇ ತೆಗೆದುಕೊಳ್ಳಿ. ದಿನಾ ಬರುವ ಫೋನ್‌ಗಳಲ್ಲಿ ಜನ ಜಾಸ್ತಿ ಏನು ಕೇಳುತ್ತಾರೆ ಅಂತ ಒಮ್ಮೆ ಕೇಳಿ ನೋಡಿ. "ಈ ಮಂಚದ ಅಳತೆ ಎಷ್ಟು, ನಮ್ಮ ಬಾಗಿಲಲ್ಲಿ ಒಳಗೆ ಹೋಗುತ್ತಾ?" ಅನ್ನುವುದೇ ಇರಬಹುದು. ಹಾಗಿದ್ದರೆ ಪ್ರತಿ ಫೋಟೊ ಪಕ್ಕದಲ್ಲಿ ಉದ್ದ, ಅಗಲ, ಎತ್ತರ ಹಾಕುವುದೇ ಆ ಸೈಟಿನ ಮುಖ್ಯ ಕೆಲಸ. ಇಂಥದ್ದೊಂದು ಸಿಕ್ಕಿದರೆ ನಿಮ್ಮ ಬಗ್ಗೆ ಅವರ ನೋಟವೇ ಬದಲಾಗುತ್ತದೆ. ತಮ್ಮ ವ್ಯಾಪಾರ ಅರ್ಥವಾದವರು ಇವರು ಅಂತ ನಂಬಿಕೆ ಬರುತ್ತದೆ.

ಇನ್ನು ಪುಟದ ಲೆಕ್ಕ. ದಯವಿಟ್ಟು ಅದನ್ನು ಬಿಡಿ. ಫೋನ್ ನಂಬರ್, ವಿಳಾಸ ಇರುವ ಪುಟ ಅರ್ಧ ದಿನದ ಕೆಲಸ. ಬೆಲೆ, ಮರ, ಅಳತೆ ಆರಿಸಿ ಹುಡುಕುವ ಪುಟ ಒಂದು ವಾರ ಹಿಡಿಯಬಹುದು. ಎರಡೂ "ಒಂದು ಪುಟ"ವೇ, ಅಲ್ವಾ? ನಾನು ಲೇಔಟ್, ಅಂದರೆ ಪುಟದಲ್ಲಿ ಎಲ್ಲವನ್ನೂ ಜೋಡಿಸುವ ರೀತಿ, ಎಷ್ಟು ಬಗೆ ಅಂತ ಎಣಿಸುತ್ತೇನೆ. 3 ಲೇಔಟ್‌ನಲ್ಲಿ ಮುಗಿಯುವ 14 ಪುಟ, ಒಂದೊಂದೂ ಬೇರೆ ಥರ ಇರುವ 5 ಪುಟಕ್ಕಿಂತ ಹಗುರ. ನಿಮ್ಮ 14ರಲ್ಲಿ ನಿಜವಾಗಿ ಎಷ್ಟು ಹೊಸ ಲೇಔಟ್ ಇದೆ, ಇವತ್ತೇ ಎಣಿಸಿ. ಆ ಲೆಕ್ಕ ಆಮೇಲೆ ಬೇಕಾಗುತ್ತದೆ.

ಕೊಟೇಶನ್‌ನಲ್ಲಿ ಏನು ಸೇರಿದೆ ಅಂತ ಎಲ್ಲರೂ ಬರೆಯುತ್ತಾರೆ. ಏನು ಸೇರಿಲ್ಲ ಅಂತಲೂ ಬರೆಯಿರಿ. "ಬರಹ ಬರೆಯುವುದು, ಫೋಟೊ ತಿದ್ದುವುದು, ಲೋಗೊ, ಹೋಸ್ಟಿಂಗ್ (ಇಂಟರ್ನೆಟ್‌ನಲ್ಲಿ ಸೈಟ್ ಇಡುವ ಜಾಗ) ಖರ್ಚು ಇದರಲ್ಲಿ ಇಲ್ಲ." ಬದಲಾವಣೆ ಎರಡು ಸುತ್ತು, ಮೂರನೆಯದಕ್ಕೆ ಗಂಟೆ ಲೆಕ್ಕ. ಹಣ ಮೂರು ಕಂತು: ಶುರುವಿಗೆ 40%, ಡಿಸೈನ್ ಒಪ್ಪಿದಾಗ 30%, ಸೈಟ್ ಲೈವ್ ಆಗುವ ಮೊದಲು 30%. "ಲೈವ್ ಆದ ಮೇಲೆ" ಅಂತ ಬರೆಯಬೇಡಿ. ಲೈವ್ ಆದ ಮರುದಿನದಿಂದ ಅವರ ತಲೆಯಲ್ಲಿ ಬೇರೆ ಕೆಲಸ ಇರುತ್ತದೆ, ಅವರು ಕೆಟ್ಟವರು ಅಂತಲ್ಲ.

ಇನ್ನೊಬ್ಬ ಸದಸ್ಯರು: ಮೇಡಂ, ಗಂಟೆ ಲೆಕ್ಕ ಅಂದಿರಿ. ಗಂಟೆಗೆ ಎಷ್ಟು ಅಂತ ತೀರ್ಮಾನಿಸುವುದು ಹೇಗೆ? ನಾನು ಹಳೆ ಸಂಬಳವನ್ನು ಗಂಟೆಗೆ ಭಾಗಿಸಿ ಹೇಳುತ್ತಿದ್ದೇನೆ.

ಉತ್ತರ: ಹಾಗೆ ಮಾಡಿದರೆ ಖಂಡಿತ ಕೈ ಕಚ್ಚುತ್ತದೆ. ವರ್ಷಕ್ಕೆ 52 ವಾರ. ರಜೆ, ಹಬ್ಬ, ಕಾಯಿಲೆಗೆ 6 ವಾರ ಹೋಯಿತು ಅನ್ನಿ. ಉಳಿದ 46 ವಾರಕ್ಕೆ 40 ಗಂಟೆಯಂತೆ 1,840 ಗಂಟೆ. ಆದರೆ ಇದಿಷ್ಟಕ್ಕೂ ಯಾರೂ ಹಣ ಕೊಡುವುದಿಲ್ಲ. ಕೊಟೇಶನ್ ಬರೆಯುವುದು, ಮೇಲ್ ನೋಡುವುದು, ಇನ್‌ವಾಯ್ಸ್ ಕಳಿಸಿ ನೆನಪಿಸುವುದು, ಹೊಸದು ಕಲಿಯುವುದು ಎಲ್ಲ ಅದರಲ್ಲೇ ಇದೆ. ನನ್ನ ಡೈರಿ ಪ್ರಕಾರ ಬಿಲ್ ಮಾಡಲು ಬರುವುದು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಸುಮಾರು 1,000 ಗಂಟೆ ಅಂತ ಇಟ್ಟುಕೊಳ್ಳಿ.

ಈಗ ಮನೆ ಖರ್ಚು, ತೆರಿಗೆ, ವಿಮೆ, ಕಂಪ್ಯೂಟರ್ ಮತ್ತು ಸಾಫ್ಟ್‌ವೇರ್, ಉಳಿತಾಯ, ಇಷ್ಟನ್ನೂ ವರ್ಷಕ್ಕೆ ಕೂಡಿಸಿ 1,000ದಿಂದ ಭಾಗಿಸಿ. ಬಂದ ಅಂಕಿ ನೋಡಿ ನಿಮಗೆ ಗಾಬರಿಯಾಗಬಹುದು. ಅದು ಲಾಭ ಅಲ್ಲ, ನೀವು ಮುಳುಗದೇ ಇರಲು ಬೇಕಾದ ಮಟ್ಟ. ಕ್ಲೈಂಟ್‌ಗೆ ಗಂಟೆ ದರ ಹೇಳಲೇಬೇಕು ಅಂತಿಲ್ಲ. ಇಡೀ ಕೆಲಸಕ್ಕೆ ಒಂದೇ ಮೊತ್ತ ಹೇಳಿ. ಆದರೆ ಆ ಮೊತ್ತ ಕೂಡಿಸುವಾಗ ಈ ಅಂಕಿ ನಿಮ್ಮ ಮುಂದೆ ಇರಲಿ.

ಮತ್ತೊಬ್ಬರು: ಡಿಸೈನ್ ಒಪ್ಪಿದ್ದಾರೆ, ಆದರೆ ಎರಡು ತಿಂಗಳಾದರೂ ಬರಹ, ಫೋಟೊ ಕೊಡುತ್ತಿಲ್ಲ. ಏನು ಮಾಡಲಿ?

ಉತ್ತರ: ಇದು ಬಹಳ ಜನರಿಗೆ ಆಗುತ್ತದೆ. ತಮ್ಮ ಬಗ್ಗೆ ತಾವೇ ಬರೆಯುವುದು ಎಲ್ಲರಿಗೂ ಕಷ್ಟ. "ಕಂಪನಿ ಬಗ್ಗೆ ಬರೆದು ಕೊಡಿ" ಅಂದರೆ ಖಾಲಿ ಹಾಳೆ ಮುಂದೆ ಕೂತಿರುತ್ತಾರೆ ಪಾಪ. ನಾನು ಅರ್ಧ ಗಂಟೆ ಫೋನಿನಲ್ಲಿ ಮಾತಾಡಿಸಿ, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದು, ತಿದ್ದಲು ಕಳಿಸುತ್ತೇನೆ. ತಿದ್ದುವುದು ಎಲ್ಲರಿಗೂ ಬರುತ್ತದೆ. ಇದಕ್ಕೆ ಬೇರೆ ಹಣ ತೆಗೆದುಕೊಳ್ಳುತ್ತೇನೆ, ಖುಷಿಯಿಂದ ಕೊಡುತ್ತಾರೆ.

ಒಪ್ಪಂದದಲ್ಲಿ ಒಂದು ಸಾಲು ಸೇರಿಸಿ: 30 ದಿನ ಮಾಹಿತಿ ಬರದಿದ್ದರೆ ಕೆಲಸ ನಿಲ್ಲುತ್ತದೆ, ಆವರೆಗಿನ ಕೆಲಸಕ್ಕೆ ಬಿಲ್ ಆಗುತ್ತದೆ, ಮತ್ತೆ ಶುರು ಮಾಡಲು ಹೊಸ ದಿನಾಂಕ.

ಪ್ರಶ್ನೆ: ಕ್ಲೈಂಟ್‌ಗೆ ಇದೆಲ್ಲ ಗೊತ್ತಾಗುವುದಿಲ್ಲ ಅಂತ ಡೊಮೈನ್ (ಸೈಟಿನ ವೆಬ್ ವಿಳಾಸ), ಹೋಸ್ಟಿಂಗ್ ನನ್ನ ಹೆಸರಿನಲ್ಲೇ ತೆಗೆದಿದ್ದೇನೆ. ಅವರು ಬಿಟ್ಟುಹೋಗದ ಹಾಗೂ ಆಯಿತು. ಸರಿನಾ?

ಉತ್ತರ: ದಯವಿಟ್ಟು ಬೇಡ. ನಾನೂ ಮೂರನೇ ವರ್ಷದವರೆಗೆ ಹಾಗೇ ಮಾಡುತ್ತಿದ್ದೆ. ಒಂದು ಸಲ ನವೀಕರಣದ ಮೇಲ್ ನನ್ನ ಹಳೆ ವಿಳಾಸಕ್ಕೆ ಹೋಗಿ ಡೊಮೈನ್ ಅವಧಿ ಮುಗಿದೇ ಹೋಯಿತು. ಸೈಟ್ ಜೊತೆಗೆ ಆ ಕ್ಲೈಂಟ್‌ನ ಮೇಲ್ ಕೂಡ ನಿಂತಿತು. ಅವರ ಆರ್ಡರ್‌ಗಳೆಲ್ಲ ಮೇಲ್‌ನಲ್ಲೇ ಬರುತ್ತಿದ್ದವು. ಡಾಟ್ ಕಾಮ್‌ನಂಥ ಹೆಸರುಗಳಲ್ಲಿ ಅವಧಿ ಮುಗಿದ ತಕ್ಷಣ ಹೆಸರು ಕೈತಪ್ಪುವುದಿಲ್ಲ, ನಿಜ. ಸಾಮಾನ್ಯವಾಗಿ ಕೆಲವು ವಾರ ಮಾಮೂಲಿ ದರದಲ್ಲೇ ನವೀಕರಿಸಬಹುದು. ಅದೂ ದಾಟಿ ಹೆಸರು ಅಳಿಸಿದರೆ 30 ದಿನ ದಂಡ ಕೊಟ್ಟು ಬಿಡಿಸಿಕೊಳ್ಳುವ ಅವಕಾಶ, ಆಮೇಲೆ 5 ದಿನ ಯಾರೂ ಮುಟ್ಟುವ ಹಾಗಿಲ್ಲ, ನಂತರ ಯಾರು ಬೇಕಾದರೂ ಕೊಳ್ಳಬಹುದು. ನಾನು ದಂಡ ಕೊಟ್ಟು ಬಿಡಿಸಿದೆ. ಹೆಸರು ಉಳಿಯಿತು, ಆ ಕ್ಲೈಂಟ್ ಮಾತ್ರ ಮತ್ತೆ ಬರಲಿಲ್ಲ. ಅವರ ಸಿಟ್ಟು ನ್ಯಾಯವಾದದ್ದೇ.

ಡೊಮೈನ್ ಅವರ ಹೆಸರಿನಲ್ಲಿ, ಅವರ ಮೇಲ್‌ನಲ್ಲಿ, ಅವರ ಹಣದಲ್ಲಿ ಇರಬೇಕು. ನೋಡಿಕೊಳ್ಳುವ ಅನುಮತಿ ಮಾತ್ರ ನಿಮಗಿರಲಿ. ಬಿಟ್ಟುಹೋಗಲು ದಾರಿ ಇದ್ದೂ ನಿಮ್ಮ ಹತ್ತಿರ ಉಳಿದವರೇ ಇನ್ನೊಬ್ಬರಿಗೆ ನಿಮ್ಮ ಹೆಸರು ಹೇಳುತ್ತಾರೆ. ನನಗೆ ಬಂದ ಕೆಲಸದಲ್ಲಿ ಮುಕ್ಕಾಲು ಪಾಲು ಹೀಗೆ ಬಾಯಿಂದ ಬಾಯಿಗೆ ಬಂದದ್ದು.

ಪ್ರಶ್ನೆ: ಈಗ ಎಐ ಹತ್ತು ನಿಮಿಷದಲ್ಲಿ ಸೈಟ್ ಮಾಡಿಕೊಡುತ್ತದೆ. ನಮ್ಮ ಕೆಲಸ ಇನ್ನೆಷ್ಟು ದಿನ? ನಾನು ಈಗಷ್ಟೇ ಕಲಿಯುತ್ತಿದ್ದೇನೆ.

ಉತ್ತರ: ನಿಮ್ಮ ಭಯ ಅರ್ಥವಾಗುತ್ತದೆ. ಸುಮ್ನೆ ಸಮಾಧಾನ ಹೇಳುವುದಿಲ್ಲ. ನಾಲ್ಕು ಪುಟದ ಸಾದಾ ಸೈಟ್ ಮಾತ್ರ ಮಾಡಿಕೊಡುವವರಿಗೆ ಕಷ್ಟವಾಗುತ್ತಿದೆ. ಆದರೆ ಈ ಕೆಲಸ ಶುರುವಿನಿಂದಲೂ ರೂಪ ಬದಲಿಸುತ್ತಲೇ ಬಂದಿದೆ. ವರ್ಡ್‌ಪ್ರೆಸ್ ಅನ್ನುವ, ಕೋಡ್ ಬರೆಯದೇ ಸೈಟ್ ಮಾಡುವ ಸಾಫ್ಟ್‌ವೇರ್ 2003ರಲ್ಲಿ ಬಂತು. ಅದು ಬೆಳೆದ ಹಾಗೆ, ಕೈಯಿಂದ ಒಂದೊಂದೇ ಪುಟ ಬರೆದುಕೊಡುವ ಕೆಲಸ ಕರಗುತ್ತಾ ಹೋಯಿತು. ಪರದೆಗೆ ತಕ್ಕ ಹಾಗೆ ಪುಟ ಹೊಂದಿಕೊಳ್ಳುವ ರೆಸ್ಪಾನ್ಸಿವ್ ಡಿಸೈನ್ ಅನ್ನುವ ಮಾತನ್ನು ಈಥನ್ ಮಾರ್ಕಾಟ್ ಅನ್ನುವ ವೆಬ್ ಡಿಸೈನರ್ 2010ರಲ್ಲಿ ತಂದರು. ಮೊಬೈಲಿಗೇ ಬೇರೆ ಸೈಟ್ ಮಾಡಿಸುವುದು ಅದರ ನಂತರ ಕಡಿಮೆಯಾಯಿತು. ಎರಡೂ ಸಲ, ಕ್ಲೈಂಟ್ ಜೊತೆ ಕೂತು ಅವರಿಗೆ ಏನು ಬೇಕು ಅಂತ ಬಿಡಿಸಿ ನೋಡುವವರಿಗೆ ಕೆಲಸ ಇತ್ತು. ಮಂಚದ ಅಳತೆಯ ಪ್ರಶ್ನೆಯನ್ನು ಯಾರಾದರೂ ಕೇಳಲೇಬೇಕಲ್ಲ.

ನೀವು ಕಲಿಯುತ್ತಿರುವುದರಿಂದ ಇನ್ನೊಂದು ಮಾತು. ಅಳೆದು ತೋರಿಸಬಹುದಾದ ಕೆಲಸ ಕಲಿಯಿರಿ. ಎಲ್ಲರಿಗೂ ಓದಲು ಆಗುವ ಸೈಟಿಗೆ ಡಬ್ಲ್ಯೂಸಿಎಜಿ ಅನ್ನುವ ಮಾನದಂಡ ಇದೆ. ಮಾಮೂಲಿ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಬೆಳಕಿನ ವ್ಯತ್ಯಾಸ (ಕಾಂಟ್ರಾಸ್ಟ್) ಇರಬೇಕು ಅನ್ನುತ್ತದೆ. ತೆಳು ಬೂದು ಅಕ್ಷರ ನಮಗೆ ಚೆಂದ ಕಾಣುತ್ತದೆ, ಆದರೆ ಕಣ್ಣು ಮಂಜಾದವರಿಗೆ ಅಲ್ಲಿ ಏನೂ ಕಾಣುವುದಿಲ್ಲ. ವೇಗಕ್ಕೂ ಗೂಗಲ್ ಮಿತಿ ಹಾಕಿದೆ: ಪುಟದಲ್ಲಿ ಮೊದಲು ಕಾಣುವ ಅತಿ ದೊಡ್ಡ ಚಿತ್ರ ಅಥವಾ ಬರಹದ ತುಂಡು 2.5 ಸೆಕೆಂಡ್ ಒಳಗೆ ಕಾಣಬೇಕು, ಒತ್ತಿದ್ದಕ್ಕೆ 200 ಮಿಲಿಸೆಕೆಂಡ್ ಒಳಗೆ ಸ್ಪಂದಿಸಬೇಕು. ಕ್ಲೈಂಟ್‌ನ ಹಳೆ ಸೈಟನ್ನು ಇವುಗಳಿಂದ ಅಳೆದು, ಎಲ್ಲಿ ನಿಲ್ಲುತ್ತಿದೆ ಅಂತ ಅವರ ಫೋನಿನಲ್ಲೇ ತೋರಿಸಿ. ಬಹಳ ಸಲ ಕಾರಣ ಕ್ಯಾಮೆರಾದಿಂದ ಹಾಗೇ ಹಾಕಿದ ದೊಡ್ಡ ದೊಡ್ಡ ಫೋಟೊ. ಅದನ್ನು ಸರಿಮಾಡಲು ಒಂದು ಮಧ್ಯಾಹ್ನ ಸಾಕು.

ಪ್ರಶ್ನೆ: ಕೆಲಸ ಜಾಸ್ತಿ ಬರುತ್ತಿದೆ. ಒಬ್ಬರನ್ನು ಸೇರಿಸಿಕೊಂಡು ಕಂಪನಿ ಮಾಡಬೇಕು ಅಂತಿದ್ದೇನೆ. ಯಾವಾಗ ಮಾಡಬಹುದು?

ಉತ್ತರ: ಕೆಲಸ ಜಾಸ್ತಿ ಇದೆ ಅನ್ನುವುದಕ್ಕಿಂತ ಪ್ರತಿ ತಿಂಗಳು ತಪ್ಪದೇ ಬರುವ ಹಣ ಎಷ್ಟಿದೆ ಅಂತ ನೋಡಿ. ಸೈಟ್ ಮಾಡಿಕೊಟ್ಟ ಹಣ ಒಮ್ಮೆ ಬರುತ್ತದೆ, ಸಂಬಳ ಪ್ರತಿ ತಿಂಗಳು ಕೊಡಬೇಕು. ಹಳೆ ಕ್ಲೈಂಟ್‌ಗಳ ಜೊತೆ ಮೆಂಟೆನೆನ್ಸ್ ಒಪ್ಪಂದ ಮಾಡಿಕೊಳ್ಳಿ: ಅಪ್‌ಡೇಟ್, ಬ್ಯಾಕಪ್, ತಿಂಗಳಿಗೆ ಇಷ್ಟು ಗಂಟೆ ಸಣ್ಣ ಬದಲಾವಣೆ. ಆ ಹಣದಲ್ಲೇ ಹೊಸಬರ ಸಂಬಳದ ಅರ್ಧವಾದರೂ ಬರುವ ಹಾಗಾದಾಗ ನಾನು ಮೊದಲ ಜೊತೆಗಾರ್ತಿಯನ್ನು ಸೇರಿಸಿಕೊಂಡೆ. ಅದಕ್ಕೂ ಮೊದಲು ಆರು ತಿಂಗಳು ಅವರಿಗೆ ಬಿಡಿ ಕೆಲಸ ಕೊಟ್ಟು ನೋಡಿದ್ದೆ.

ಆದಾಯದ 40%, 50% ಒಬ್ಬರೇ ಕ್ಲೈಂಟ್‌ನಿಂದ ಬರುತ್ತಿದ್ದರೆ ಈಗ ಯಾರನ್ನೂ ಸೇರಿಸಬೇಡಿ. ಅವರೊಬ್ಬರು ನಿಲ್ಲಿಸಿದರೆ ಇಬ್ಬರ ಮನೆಗೂ ಕಷ್ಟ. ಕಂಪನಿ ನೋಂದಣಿ, ತೆರಿಗೆ ವಿಷಯಕ್ಕೆ ಒಬ್ಬ ಒಳ್ಳೆ ಅಕೌಂಟೆಂಟ್‌ಗೆ ಹಣ ಕೊಟ್ಟು ಕೇಳಿ.

ಮೊದಲು ಕೇಳಿದವರು: ಮೇಡಂ, ನೀವು ಹೇಳಿದ ಹಾಗೆ ಎಣಿಸಿದೆ. 14 ಪುಟದಲ್ಲಿ ಹೊಸ ಲೇಔಟ್ 6 ಇದೆ. ಮೊದಲು ಮಾತಾಗಿದ್ದು 3. ಕೊಟೇಶನ್ ಏನೂ ಬರೆದಿಲ್ಲ, ಬರೀ ಮಾತು. ಈಗ ಕೇಳುವುದು ಹೇಗೆ?

ಉತ್ತರ: ಎಣಿಸಿದ್ದು ಒಳ್ಳೆಯದಾಯಿತು. ಬರೆದಿಲ್ಲ ಅಂದಮೇಲೆ ಇಲ್ಲಿಯವರೆಗೆ ಮಾಡಿದ್ದಕ್ಕೆಲ್ಲ ಹಣ ಕೇಳಿದರೆ ಜಗಳವಾಗುತ್ತದೆ. ನಿಮ್ಮ ಜಾಗದಲ್ಲಿ ನಾನಿದ್ದರೆ ಮುಗಿದಿರುವುದನ್ನು ಹಳೆ ದರದಲ್ಲೇ ಬಿಟ್ಟುಕೊಟ್ಟು, ಬಾಕಿ ಇರುವುದಕ್ಕೆ ಮಾತ್ರ ಹೊಸ ದರ ಹೇಳುತ್ತಿದ್ದೆ. 6ರಲ್ಲಿ ಎಷ್ಟು ಮುಗಿದಿದೆ?

ಮೊದಲು ಕೇಳಿದವರು: 4 ಮುಗಿದಿದೆ. ಹುಡುಕುವ ಪುಟ, ಆರ್ಡರ್ ಪುಟ ಬಾಕಿ.

ಉತ್ತರ: ಬಾಕಿ ಇರುವ ಎರಡೂ ದೊಡ್ಡ ಕೆಲಸವೇ. ಮೊದಲು ಫೋನ್ ಮಾಡಿ ಮಾತಾಡಿ, ಆಮೇಲೆ ಇದನ್ನು ಕಳಿಸಿ. ಹೀಗೆ ಬರೆಯಬಹುದು:

"ಸರ್, ನಾವು 3 ಬಗೆಯ ಪುಟ ಅಂತ ಶುರು ಮಾಡಿದ್ದೆವು. ನಿಮ್ಮ ವ್ಯಾಪಾರ ತಿಳಿಯುತ್ತಾ ಹೋದ ಹಾಗೆ ಅದು 6 ಆಯಿತು. 4 ಮುಗಿದಿವೆ. ನಾಲ್ಕನೆಯದಕ್ಕೆ ನಾನು ಬೇರೆ ಹಣ ಕೇಳುವುದಿಲ್ಲ. ಹುಡುಕುವ ಪುಟ ಮತ್ತು ಆರ್ಡರ್ ಪುಟ ಮೊದಲಿನ ಮಾತಿನಲ್ಲಿ ಇರಲಿಲ್ಲ. ಅವೆರಡಕ್ಕೆ ಆಗುವ ಖರ್ಚು, ದಿನ ಕೆಳಗೆ ಬರೆದಿದ್ದೇನೆ. ಈಗಲೇ ಬೇಕಾದರೆ ಸೋಮವಾರದಿಂದ ಶುರು ಮಾಡುತ್ತೇನೆ. ಬೇಡ ಅಂದರೆ ಮುಗಿದಿರುವ ಪುಟಗಳನ್ನು ಈ ವಾರವೇ ಲೈವ್ ಮಾಡೋಣ, ಉಳಿದದ್ದು ನಿಮಗೆ ಅನುಕೂಲವಾದಾಗ ಸೇರಿಸೋಣ."

ಎರಡು ದಾರಿ ಇಟ್ಟಿದ್ದೀರಿ, ಎರಡರಲ್ಲೂ ಅವರಿಗೆ ಸೈಟ್ ಸಿಗುತ್ತದೆ. ಕ್ಷಮೆ ಕೇಳುವ ಸಾಲು ಯಾವುದನ್ನೂ ಸೇರಿಸಬೇಡಿ. ಫೋನನ್ನು ರಾತ್ರಿ ಬೇಡ, ನಾಳೆ ಬೆಳಿಗ್ಗೆ ಮಾಡಿ. ಏನಂದರು ಅಂತ ಇಲ್ಲೇ ಬರೆಯಿರಿ, ಕಾಯುತ್ತಿರುತ್ತೇನೆ.

ಮೊದಲು ಕೇಳಿದವರು: ಮೇಡಂ, ಬೆಳಿಗ್ಗೆ ಮಾತಾಡಿದೆ. ಹುಡುಕುವ ಪುಟ ಈಗಲೇ ಬೇಕಂತೆ, ಹೇಳಿದ ಮೊತ್ತಕ್ಕೆ ಒಪ್ಪಿದರು. ಆರ್ಡರ್ ಪುಟ ಆಮೇಲೆ ನೋಡೋಣ ಅಂದರು. ಫೋನ್‌ನಲ್ಲಿ ಜನ ಜಾಸ್ತಿ ಏನು ಕೇಳುತ್ತಾರೆ ಅಂತಲೂ ಕೇಳಿದೆ. ಅಳತೆ ಅಲ್ಲವಂತೆ, ಮನೆಗೆ ತಂದು ಜೋಡಿಸಿಕೊಡುತ್ತೀರಾ ಅನ್ನುವುದಂತೆ. ಅದು ಸೈಟಿನಲ್ಲಿ ಎಲ್ಲೂ ಇಲ್ಲ.

ಉತ್ತರ: ಹಾಗಾದರೆ ಅದನ್ನು ಮೊದಲ ಪುಟದಲ್ಲೇ ಹಾಕಿ, ಫೋನ್ ನಂಬರ್‌ಗಿಂತ ಮೇಲೆ. ಪ್ರತಿ ಸಾಮಾನಿನ ಪುಟದಲ್ಲೂ ಬೆಲೆಯ ಪಕ್ಕ ಇನ್ನೊಂದು ಸಲ ಬರಲಿ. ಇದಕ್ಕೆ ಹೊಸ ಲೇಔಟ್ ಬೇಕಾಗಿಲ್ಲ.